ಆಕ್ಷನ್ ಕಾಮಿಕ್ಸ್ 1ರಿಂದ 1000: ಮೈಲಿಗಲ್ಲು ಸಂಚಿಕೆಗಳನ್ನು ಜೋಡಿಸಿ ಕಾಪಾಡುವ ಬಗೆ

ಪ್ರತಿ ವರ್ಷ ಏಪ್ರಿಲ್ 18ಕ್ಕೆ ನಮ್ಮ ಊಟದ ಮೇಜಿನ ಮೇಲೆ ಅಮೆರಿಕದ ಆಕ್ಷನ್ ಕಾಮಿಕ್ಸ್ ಎಂಬ ಚಿತ್ರಕಥೆ ಸರಣಿಯ ಎಂಟು ಸಂಚಿಕೆಗಳು ಸಾಲಾಗಿ ಕೂರುತ್ತವೆ: ಮೊದಲನೆಯದರ ಮರುಮುದ್ರಣ, ಆಮೇಲೆ 500, 544, 600, 700, 800, 900, 1000. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಸಂಚಿಕೆ ಅಮೆರಿಕದ ಅಂಗಡಿಗಳಿಗೆ ಬಂದದ್ದು 1938ರ ಏಪ್ರಿಲ್ 18ರಂದು, ಬೆಲೆ 10 ಸೆಂಟ್. 1000ನೆಯದನ್ನು ಅದರ ಪ್ರಕಾಶಕರಾದ ಡಿಸಿಯವರು ಬೇಕೆಂದೇ 2018ರ ಅದೇ ತಾರೀಖಿಗೆ ತಂದರು: 80 ಪುಟ, 7.99 ಡಾಲರ್. ಆದರೆ ಮೊದಲ ಸಂಚಿಕೆಯ ಮುಖಪುಟದಲ್ಲಿರುವುದು ‘ಜೂನ್ 1938’. ಹೊಸಬರು ಇಲ್ಲೇ ಮೊದಲು ಎಡವುವುದು. ಸಂಚಿಕೆ ಹಳತಾದಂತೆ ಕಾಣದಿರಲಿ, ಅಂಗಡಿಯವನು ಬೇಗ ವಾಪಸ್ ಕಳಿಸದಿರಲಿ ಅಂತ ಅಮೆರಿಕದ ಪ್ರಕಾಶಕರು ಒಂದೆರಡು ತಿಂಗಳು ಮುಂದಿನ ಹೆಸರು ಹಾಕುತ್ತಿದ್ದರು. ಆದ್ದರಿಂದ ಪಟ್ಟಿ ಬರೆಯುವಾಗ ಮುಖಪುಟದ ತಿಂಗಳಿಗೊಂದು ಕಾಲಂ, ಮಾರಾಟಕ್ಕೆ ಬಂದ ದಿನಕ್ಕೊಂದು ಕಾಲಂ ಇಟ್ಟುಕೊಳ್ಳಬೇಕು. ಎರಡನ್ನೂ ಬೆರೆಸಿದರೆ ವಾರ್ಷಿಕೋತ್ಸವದ ಲೆಕ್ಕವೇ ತಪ್ಪುತ್ತದೆ.

ಸಾಲಿನಲ್ಲಿ 100ರಿಂದ 400ರವರೆಗೆ ಯಾವುದೂ ಇಲ್ಲ. ದುಡ್ಡಿನ ಮಾತು ಒಂದು ಕಡೆ ಇರಲಿ, ಅವುಗಳನ್ನು ಮೈಲಿಗಲ್ಲು ಅಂತ ಕರೆಯುವುದೂ ಕಷ್ಟ. 1963ರ ಮೇ ತಿಂಗಳ 300ನೆಯದನ್ನು ತೆರೆದರೆ ಸೂಪರ್‌ಮ್ಯಾನ್ ಕೆಂಪು ಸೂರ್ಯನ ಕೆಳಗೆ ಶಕ್ತಿ ಕಳೆದುಕೊಂಡು ಒದ್ದಾಡುವ ಕಥೆ ಸಿಗುತ್ತದೆ. ಹಬ್ಬದ ಸುಳಿವೇ ಇಲ್ಲ. 1979ರ ಅಕ್ಟೋಬರ್‌ನ 500ರಲ್ಲಿ ಸಂಭ್ರಮ ನಿಜವಾಗಿ ಕಾಣುತ್ತದೆ. 1983ರ 544 ಯಾಕೆ ಅಂದರೆ ಅದು ಸೂಪರ್‌ಮ್ಯಾನ್‌ನ 45ನೇ ವರ್ಷದ ಸಂಚಿಕೆ; ಅವನ ವೈರಿಗಳಾದ ಲೆಕ್ಸ್ ಲೂಥರ್‌ಗೂ ಬ್ರೇನಿಯಾಕ್‌ಗೂ ಹೊಸ ರೂಪ ಕೊಟ್ಟದ್ದು ಅದರಲ್ಲೇ. 600 ಬಂದದ್ದು 1988ರಲ್ಲಿ, 50ನೇ ವರ್ಷಕ್ಕೆ ಸರಿಯಾಗಿ. ಸೊನ್ನೆಗಳಲ್ಲಿ ಮುಗಿಯುವ ಗುಂಡು ಸಂಖ್ಯೆ ಬೇರೆ, ವಾರ್ಷಿಕೋತ್ಸವ ಬೇರೆ. ಎರಡೂ ಒಂದೇ ಸಂಚಿಕೆಯಲ್ಲಿ ಕೂಡಿಬರುವುದು ಅಪರೂಪ. ಡಿಸಿಯದೇ ಇನ್ನೊಂದು ಸರಣಿ ಡಿಟೆಕ್ಟಿವ್ ಕಾಮಿಕ್ಸ್‌ನ 526 ನೋಡಿ. ನೋಡಲು ಯಾವ ವಿಶೇಷವೂ ಇಲ್ಲದ ಸಂಖ್ಯೆ. ಬ್ಯಾಟ್‌ಮ್ಯಾನ್ ಬಂದದ್ದು 27ರಲ್ಲಿ, ಅಲ್ಲಿಂದ ಎಣಿಸಿದರೆ 526ಕ್ಕೆ ಸರಿಯಾಗಿ ಐನೂರು. ಸಂಖ್ಯೆ ಮಾತ್ರ ನೋಡಿ ಕೊಳ್ಳುವವರ ಕೈತಪ್ಪುವುದು ಇಂಥವೇ.

ಎಣಿಕೆಯ ವಿಷಯಕ್ಕೆ ಬಂದರೆ, ಕೊಳ್ಳುವ ಮೊದಲು ಕಾಗದ ಪೆನ್ಸಿಲ್ ಹಿಡಿದು ಕೂರಲೇಬೇಕು. 2011ರಲ್ಲಿ ಡಿಸಿ ತನ್ನ ಸೂಪರ್‌ಹೀರೋ ಸರಣಿಗಳನ್ನೆಲ್ಲ ಮತ್ತೆ 1ರಿಂದ ಶುರುಮಾಡಿತು. ಆಕ್ಷನ್ 904ಕ್ಕೆ ನಿಂತು, ಹೊಸ ಎಣಿಕೆಯಲ್ಲಿ 52 ಸಂಚಿಕೆ ನಡೆಸಿ, 2016ರಲ್ಲಿ ಹಳೇ ದಾರಿಗೆ ಮರಳಿತು. 904ಕ್ಕೆ 52 ಕೂಡಿಸಿದರೆ 956. ಹಾಗಾಗಿ ಮರಳಿದ್ದು 957 ಎಂಬ ಸಂಖ್ಯೆಯೊಂದಿಗೆ. ಈ ಲೆಕ್ಕ ಗೊತ್ತಿಲ್ಲದಿದ್ದರೆ 905ರಿಂದ 956ರವರೆಗೆ ಹುಡುಕುತ್ತಾ ಕೂರುತ್ತೀರಿ, ಹಾಗೆ ಅಚ್ಚಾದ ಸಂಚಿಕೆಗಳೇ ಇಲ್ಲ. ಅಮೇಜಿಂಗ್ ಸ್ಪೈಡರ್‌ಮ್ಯಾನ್‌ದೂ ಇದೇ ಪಾಡು: ಮೊದಲ ಸರಣಿ 441ಕ್ಕೆ ಮುಗಿಯಿತು, ಎರಡನೆಯದು 58 ಸಂಚಿಕೆ ನಡೆಯಿತು, ಒಟ್ಟು 499. 59 ಅಂತ ಬರಬೇಕಾದದ್ದರ ಮೇಲೆ 2003ರಲ್ಲಿ 500 ಅಂತ ಅಚ್ಚಾಯಿತು. 2010ರ ದಶಕದ ಕೊನೆಯಿಂದೀಚೆಗೆ ಅದರ ಪ್ರಕಾಶಕರಾದ ಮಾರ್ವೆಲ್ ಈ ಒಟ್ಟು ಎಣಿಕೆಯನ್ನು ಮುಖಪುಟದ ಮೂಲೆಯಲ್ಲಿ ‘ಎಲ್‌ಜಿವೈ’ (‘ಲೆಗಸಿ’ ಎಂಬುದರ ಹ್ರಸ್ವರೂಪ) ಅಕ್ಷರಗಳ ಜೊತೆ ಸಣ್ಣದಾಗಿ ಹಾಕುತ್ತದೆ. 2022ರ ಸರಣಿಯಲ್ಲಿ ದೊಡ್ಡದಾಗಿ 6 ಅಂತಿರುವ ಸಂಚಿಕೆಯೇ 900ನೆಯದು. ದೊಡ್ಡ ಸಂಖ್ಯೆ ನೋಡಿ ಪಕ್ಕಕ್ಕಿಟ್ಟರೆ ಕೈಗೆ ಬಂದದ್ದು ಹೋದ ಹಾಗೆ.

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತದೆ. ಡಿಟೆಕ್ಟಿವ್‌ನ ಮೊದಲ ಸಂಚಿಕೆಯ ಮುಖಪುಟದಲ್ಲಿರುವುದು ‘ಮಾರ್ಚ್ 1937’, ಆಕ್ಷನ್‌ಗಿಂತ ವರ್ಷಕ್ಕೂ ಮೊದಲು. ಸಾವಿರ ಮುಟ್ಟಿದ್ದು ಮಾತ್ರ 2019ರ ಮಾರ್ಚ್‌ನಲ್ಲಿ, ಆಕ್ಷನ್‌ಗಿಂತ ಸುಮಾರು ಒಂದು ವರ್ಷ ತಡವಾಗಿ. ಯಾಕೆ? 1970ರ ದಶಕದಲ್ಲಿ ಡಿಟೆಕ್ಟಿವ್ ಕೆಲಕಾಲ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಆಕ್ಷನ್ 601ರಿಂದ 642ರವರೆಗೆ ವಾರಪತ್ರಿಕೆಯಾಗಿತ್ತು; 1988-89ರಲ್ಲಿ ಒಂದು ವರ್ಷವೂ ತುಂಬುವ ಮೊದಲೇ 42 ಸಂಚಿಕೆ. ಆ ವಾರಪತ್ರಿಕೆಯಲ್ಲಿ ಸೂಪರ್‌ಮ್ಯಾನ್‌ಗೆ ಸಂಚಿಕೆಗೆ ಎರಡೇ ಪುಟ. ಓಟ ಗೆದ್ದುಕೊಟ್ಟ ಸಂಚಿಕೆಗಳಲ್ಲೇ ಅವನು ಮೂಲೆಗುಂಪು.

ಕೊಳ್ಳುವಾಗ ಮುಖ್ಯವಾದ ಎಚ್ಚರಿಕೆ ಮೊದಲ ಸಂಚಿಕೆಯ ಬಗ್ಗೆ. ಅಸಲು ಪ್ರತಿಯೊಂದು 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು; ಅಂದಮೇಲೆ ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು’ ಅಂತ ಹೇಳುವವರಿಗೆ ಕೊರತೆಯಿಲ್ಲ. 1974ರಲ್ಲಿ ಡಿಸಿಯೇ ಅದನ್ನು ದೊಡ್ಡ ಅಳತೆಯಲ್ಲಿ, ಸುಮಾರು 10 ಇಂಚು ಅಗಲ 13.5 ಇಂಚು ಉದ್ದದಲ್ಲಿ, ಮರುಮುದ್ರಿಸಿ ಮೇಲೊಂದು ಬೇರೆ ಹೊದಿಕೆ ಹಾಕಿತ್ತು. ಆ ಹೊದಿಕೆ ಕಿತ್ತರೆ ಒಳಗೆ ಮೂಲದಂತೆಯೇ ಕಾಣುವ ಮುಖಪುಟ. ಎಷ್ಟೋ ಜನ ಮೋಸ ಹೋಗಿರುವುದು ಇದರಿಂದಲೇ. ಅಸಲಿನ ಅಗಲ ಸುಮಾರು 7.75 ಇಂಚು, ಉದ್ದ 10.5 ಇಂಚು. ಸ್ಕೇಲು ಇಟ್ಟು ನೋಡಿದರೆ ಅರ್ಧ ನಿಮಿಷದ ಕೆಲಸ. ನನ್ನ ಸಾಲಿನಲ್ಲಿರುವುದು ಜಾಹೀರಾತುಗಳ ಸಮೇತ ಮೂಲವನ್ನೇ ಅಚ್ಚಿಳಿಸಿದ ಈಚಿನ ಮರುಮುದ್ರಣ. ಹಾಗಂತ ಪಕ್ಕದ ಚೀಟಿಯಲ್ಲಿ ಬರೆದೇ ಇಡುತ್ತೇನೆ.

500ರಿಂದ ಮುಂದಿನವು ಯಥೇಚ್ಛವಾಗಿ ಅಚ್ಚಾದವು, ಅವಸರಪಟ್ಟು ಕೊಳ್ಳಬೇಕಿಲ್ಲ. 1000ಕ್ಕೆ 1930ರಿಂದ 2000ದವರೆಗೆ ದಶಕಕ್ಕೊಂದರಂತೆ ಎಂಟು ಬೇರೆ ಮುಖಪುಟಗಳಿವೆ. 1930ರದು ಸ್ಟೀವ್ ರೂಡ್, 1950ರದು ಡೇವ್ ಗಿಬ್ಬನ್ಸ್, 1970ರದು ಜಿಮ್ ಸ್ಟೆರಾಂಕೊ ಬರೆದದ್ದು. ಒಳಗಿನ ಪುಟಗಳು ಎಲ್ಲದರಲ್ಲೂ ಒಂದೇ. ನನ್ನ ಕೇಳಿದರೆ ಒಂದು ಸಾಕು, ಉಳಿದ ದುಡ್ಡಿಗೆ ಒಳ್ಳೆಯ ಕವರ್ ತೆಗೆದುಕೊಳ್ಳಿ.

ಹಳೇ ಪ್ರತಿ ಕೈಗೆ ಬಂದಾಗ ಮೊದಲು ಬೆನ್ನಿನ ಉದ್ದಕ್ಕೂ ಟಾರ್ಚನ್ನು ಅಡ್ಡ ಹಿಡಿದು ನೋಡುತ್ತೇನೆ. ನೇರ ಬೆಳಕಿನಲ್ಲಿ ಕಾಣದ ಮಡಿಕೆ, ಉಬ್ಬು, ನೀರು ಕುಡಿದ ಅಲೆ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಆಮೇಲೆ ಪಿನ್ನು. ಅದರ ಸುತ್ತ ಕಂದು ಕಲೆ ಇದ್ದರೆ ತುಕ್ಕು ಕಾಗದಕ್ಕೆ ಇಳಿದಿದೆ ಅಂತ ಅರ್ಥ, ಅದು ನಿಲ್ಲುವುದಿಲ್ಲ. ನಡುವಿನ ಜೋಡಿಪುಟ ಪಿನ್ನಿನಿಂದ ಬಿಟ್ಟಿದೆಯೇ ಅಂತ ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ, ಪುಟ ಎಣಿಸಿ. 1974ರಿಂದ ಒಂದೆರಡು ವರ್ಷದ ಮಾರ್ವೆಲ್ ಸಂಚಿಕೆಗಳಾದರೆ ಓದುಗರ ಪತ್ರದ ಪುಟ ತಪ್ಪದೆ ನೋಡಬೇಕು; ಅಲ್ಲಿ ಅಚ್ಚಾಗುತ್ತಿದ್ದ ‘ವ್ಯಾಲ್ಯೂ ಸ್ಟಾಂಪ್’ ಚಿತ್ರವನ್ನು ಮಕ್ಕಳು ಕತ್ತರಿಸಿಕೊಂಡಿರುತ್ತಾರೆ. ನಮ್ಮ ಕಡೆ ಸಿಗುವ ಪ್ರತಿಗಳಿಗೆ ಇನ್ನೊಂದು ರೋಗ. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಲೈಬ್ರರಿಗಳವರು ನಾಲ್ಕೈದು ಕಾಮಿಕ್ಸ್ ಸೇರಿಸಿ ದಬ್ಬಣದಿಂದ ತೂತು ಹಾಕಿ ದಾರದಲ್ಲಿ ಹೊಲಿದಿರುತ್ತಾರೆ. ದಾರ ಬಿಚ್ಚಿದರೂ ಬೆನ್ನಿನ ಪಕ್ಕ ಮೂರು ತೂತು ಉಳಿಯುತ್ತವೆ. ಓದಲು ಅಡ್ಡಿಯಿಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚುವುದು, ತುಕ್ಕು ಪಿನ್ನು ಕಿತ್ತು ಹೊಸದು ಹೊಡೆಯುವುದು, ಎರಡೂ ಬೇಡ.

ಕವರ್‌ಗೆ ಪಾಲಿಪ್ರೊಪಿಲೀನ್ ಆಗಬಹುದು, ಆದರೆ ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು. ಶಾಶ್ವತಕ್ಕೆ ಪಾಲಿಯೆಸ್ಟರ್ ಹಾಳೆಯ ಕವರ್, ಅಂದರೆ ಮೈಲಾರ್, 2 ಮಿಲ್ ದಪ್ಪದ್ದು, ನಮ್ಮ ಲೆಕ್ಕದಲ್ಲಿ 50 ಮೈಕ್ರಾನ್. ಹಳೇ ಫೋಟೋ ಆಲ್ಬಮ್ಮಿನ ಪಿವಿಸಿ ಹಾಳೆ ಖಂಡಿತ ಬೇಡ. ಅದು ಬೆವರಿ ಮುಖಪುಟದ ಮಸಿಯನ್ನೇ ಎಳೆದುಕೊಳ್ಳುತ್ತದೆ. ಬಟ್ಟೆ ಪ್ಯಾಕಿಂಗಿಗೆ ಸಿಗುವ ಅಂಟುಪಟ್ಟಿಯ ಪ್ಲಾಸ್ಟಿಕ್ ಕವರನ್ನೂ ಬಳಸಬಹುದು, ಆದರೆ ಆ ಪಟ್ಟಿಯನ್ನು ಮೊದಲೇ ಕತ್ತರಿಸಿ ಬಿಸಾಡಿ. ಸಂಚಿಕೆ ಹೊರತೆಗೆಯುವಾಗ ಅಂಟು ಮುಖಪುಟಕ್ಕೆ ತಾಗಿದರೆ ಬಣ್ಣ ಸಮೇತ ಎದ್ದು ಬರುತ್ತದೆ. ಈಗಿನ ಸಂಚಿಕೆಗಳಿಗೆ 6⅞ ಇಂಚು ಅಗಲದ ಕವರ್ ಅಂತ ಎಲ್ಲರೂ ಹೇಳುತ್ತಾರೆ. 80 ಪುಟದ 1000 ಅದರಲ್ಲಿ ಬಿಗಿಯಾಗಿ ಮೂಲೆ ಮಡಚುತ್ತದೆ. ಅದಕ್ಕೆ 7⅛ ಇಂಚಿನದು, 96 ಪುಟದ ಡಿಟೆಕ್ಟಿವ್ 1000ಕ್ಕೂ ಅದೇ.

ಹಿಂದೆ ಇಡುವ ರಟ್ಟು ಆಮ್ಲರಹಿತವಾಗಿರಬೇಕು. ಒಂದು ಮಗ್ಗುಲು ಬಿಳಿ, ಇನ್ನೊಂದು ಬೂದು ಬಣ್ಣದ ಸ್ವೀಟ್ ಡಬ್ಬಿಯ ರಟ್ಟು ಕೆಲವೇ ವರ್ಷದಲ್ಲಿ ಹಿಂಪುಟಕ್ಕೆ ಕಂದು ಬಳಿಯುತ್ತದೆ. ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಆಮ್ಲರಹಿತ ಮೌಂಟ್ ಬೋರ್ಡನ್ನು ಉಕ್ಕಿನ ಸ್ಕೇಲು, ಕಟರ್ ಹಿಡಿದು 10.5 ಇಂಚು ಉದ್ದಕ್ಕೆ, ಕವರಿಗಿಂತ ಕಾಲು ಇಂಚು ಕಡಿಮೆ ಅಗಲಕ್ಕೆ ಕತ್ತರಿಸಿಕೊಳ್ಳಿ. ಅನುಮಾನವಿದ್ದರೆ ಆಮ್ಲ ಪತ್ತೆಹಚ್ಚುವ ಪಿಎಚ್ ಪೆನ್ನಿನಿಂದ ಮೂಲೆಯಲ್ಲಿ ಒಂದು ಗೀಟು: ನೇರಳೆಯಾದರೆ ಸರಿ, ಹಳದಿಯಾಗಿ ಉಳಿದರೆ ಅಂಗಡಿಗೆ ವಾಪಸ್.

1000ದ ದೌರ್ಬಲ್ಯ ಅದರ ಬೆನ್ನು. ಪಿನ್ನಿಲ್ಲ, ಪುಟಗಳನ್ನು ಗೋಂದಿನಲ್ಲಿ ಕೂಡಿಸಿದ ಚೌಕ ಬೆನ್ನು. ಪೂರ್ತಿ ಅಗಲಿಸಿ ಮೇಜಿಗೆ ಒತ್ತಿದರೆ ಗೋಂದು ಬಿರುಕು ಬಿಟ್ಟು ನಡುವಿನ ಹಾಳೆಗಳು ಸಡಿಲವಾಗುತ್ತವೆ. ಎರಡೂ ಕಡೆ ಮಡಚಿದ ಟವೆಲ್ ಇಟ್ಟು, ಪುಸ್ತಕ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ತೆರೆದುಕೊಳ್ಳುವಂತೆ ಮಾಡಿ ಓದಬೇಕು. ಸ್ಪೈಡರ್‌ಮ್ಯಾನ್‌ನ 30ನೇ ವರ್ಷಕ್ಕೆ 1992ರಲ್ಲಿ ಬಂದ ಹೊಲೊಗ್ರಾಂ ಮುಖಪುಟಗಳಿಗೆ ಬೇರೆ ಪಥ್ಯ. ಬೆರಳು ತಾಗಿದರೆ ಗುರುತು, ಬಟ್ಟೆಯಿಂದ ಒರೆಸಿದರೆ ಗೀರು. ಧೂಳಿದ್ದರೆ ಕ್ಯಾಮೆರಾದ ಗಾಳಿಬುರುಡೆ ಒತ್ತಿ ಊದಿ, ಅಷ್ಟೇ.

ಇಷ್ಟೆಲ್ಲ ಮಾಡಿಯೂ ತೇವ ಮರೆತರೆ ಎಲ್ಲ ವ್ಯರ್ಥ. ಕಾಗದಕ್ಕೆ ಹಿತವಾದ ಗಾಳಿಯ ತೇವಾಂಶ ಶೇಕಡಾ 35ರಿಂದ 55. ಜುಲೈ ತಿಂಗಳ ಬೆಂಗಳೂರೇ ಅದನ್ನು ಸುಲಭವಾಗಿ ದಾಟುತ್ತದೆ, ಮಂಗಳೂರು, ಕಾರವಾರದ ಮಾತು ಕೇಳುವುದೇ ಬೇಡ. ತೇವ ಅಳೆಯುವ ಅಗ್ಗದ ಹೈಗ್ರೋಮೀಟರ್ ತಂದರೆ ಅದರ ಅಂಕಿ ನಂಬುವ ಮೊದಲು ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬಿಡಿ, ಉಪ್ಪು ಕರಗಬಾರದು. ಮೀಟರ್ ಜೊತೆ ಜಿಪ್ ಕವರಿನಲ್ಲಿ ಮುಚ್ಚಿ ಎಂಟು ಹತ್ತು ಗಂಟೆ ಇಟ್ಟರೆ ಒಳಗಿನ ತೇವ 75ಕ್ಕೆ ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಅದು 5 ಕಡಿಮೆ ಹೇಳುತ್ತಿದೆ. ಚೀಟಿ ಬರೆದು ಅದರ ಬೆನ್ನಿಗೇ ಅಂಟಿಸಿ.

ರಬ್ಬರ್ ಅಂಚಿನ ಬಿಗಿ ಮುಚ್ಚಳದ 30 ಲೀಟರ್ ಪ್ಲಾಸ್ಟಿಕ್ ಡಬ್ಬಿಗೆ ನಾನು ಹಾಕುವುದು ತೇವ ಹೀರುವ 250 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಿಸುವ ಕಿತ್ತಳೆ ಜಾತಿಯದು, ತೆಳು ಹತ್ತಿ ಚೀಲದಲ್ಲಿ. ಬಣ್ಣ ತಿರುಗಿದಾಗ 120 ಡಿಗ್ರಿ ಓವನ್‌ನಲ್ಲಿ ಎರಡು ಮೂರು ಗಂಟೆ ಕಾಯಿಸಿ, ಆರಿದ ಮೇಲೆ ವಾಪಸ್. ಮಳೆ ಬರುತ್ತಿರುವ ದಿನ ಡಬ್ಬಿ ತೆರೆಯಬೇಡಿ. ಒಳಗೆ ಮುಚ್ಚಿಕೊಳ್ಳುವುದು ಆ ತೇವದ ಗಾಳಿಯೇ. ನುಸಿಗುಳಿಗೆಯ ಆವಿ ಕಾಗದದಲ್ಲಿ ಕೂತುಬಿಡುತ್ತದೆ, ಹಸಿ ಬೇವಿನ ಸೊಪ್ಪು ಕಲೆ ಮಾಡುತ್ತದೆ. ಸಿಲ್ವರ್‌ಫಿಶ್ ಹುಳು ಕಂಡರೆ ಆ ಸಂಚಿಕೆಯನ್ನು ಎರಡು ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ, ಫ್ರಿಜ್ಜಿನ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ಒಂದು ದಿನ ಕವರ್ ಬಿಚ್ಚಬಾರದು. ಹೊರಗೆ ಕಟ್ಟುವ ನೀರಿನ ಹನಿ ಹೊರಗೇ ಇರಲಿ. ಹೊಲೊಗ್ರಾಂ, ಚೌಕ ಬೆನ್ನಿನವನ್ನು ಫ್ರೀಜರ್‌ಗೆ ಹಾಕುವ ಧೈರ್ಯ ನಾನು ಮಾಡುವುದಿಲ್ಲ.

ಇನ್ನು ಹರವುವ ದಿನ. ಮೇಜು ಕಿಟಕಿಯಿಂದ ದೂರ, ಪರದೆ ಎಳೆದು, ಒಂದು ಎಲ್‌ಇಡಿ ದೀಪ. ಬೆಳಕು 50 ಲಕ್ಸ್ ದಾಟಬಾರದು. ಫೋನಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು. ಸಂಚಿಕೆಗಳು ಕವರಿನಲ್ಲೇ, ತಟ್ಟೆ ನಿಲ್ಲಿಸುವ ಸ್ಟ್ಯಾಂಡಿನ ಮೇಲೆ ಸ್ವಲ್ಪ ಹಿಂದಕ್ಕೆ ಒರಗಿಸಿ ನಿಲ್ಲುತ್ತವೆ. ಒಳಗಿನ ಪುಟ ತೋರಿಸಲು ಓದುವ ಪ್ರತಿಯೊಂದನ್ನು ಬೇರೆ ಇಟ್ಟಿರುತ್ತೇನೆ, ಮೂಲೆ ಸವೆದ 600. ಕೈ ತೊಳೆದು ಪೂರ್ತಿ ಒರೆಸಿಕೊಂಡರೆ ಸಾಕು, ಗ್ಲೌಸ್ ಬೇಡ. ಗ್ಲೌಸಿನಲ್ಲಿ ಹಾಳೆಯ ಅಂಚು ಬೆರಳಿಗೆ ಗೊತ್ತಾಗದೆ ಹರಿಯುವುದೇ ಹೆಚ್ಚು. ಕಾಫಿ, ಕೋಡುಬಳೆ ಪಕ್ಕದ ಕೋಣೆಯಲ್ಲಿ. ಎರಡು ಗಂಟೆಯ ನಂತರ ಎಲ್ಲ ಡಬ್ಬಿಗೆ. ಒಳಗಿಡುವ ಮೊದಲು ಪ್ರತಿ ರಟ್ಟಿನ ಹಿಂದೆ ಪೆನ್ಸಿಲ್‌ನಲ್ಲಿ ಆ ದಿನದ ತಾರೀಖು, ಕವರ್ ಬದಲಿಸಿದ ವರ್ಷ, ಪಿನ್ನಿನ ಸ್ಥಿತಿ ಬರೆಯುತ್ತೇನೆ. ಬಾಲ್ ಪೆನ್ ಬಳಸಿದರೆ ಒತ್ತಿದ ಗೀಟು ಮುಂದಿನ ಮುಖಪುಟದ ಮೇಲೆ ಮೂಡುತ್ತದೆ.