ನೀರಿಗೂ ಗಾಳಿಗೂ ದುಡ್ಡು ಕೊಟ್ಟು ಸೌದೆ ಕೊಳ್ಳಲು ಕಲಿತೆ

ನಮ್ಮದು ತೀರ್ಥಹಳ್ಳಿ ಕಡೆ. ಒಂದೂವರೆ ಎಕರೆ ಅಡಿಕೆ ತೋಟ, ಹಳೇ ಹೆಂಚಿನ ಮನೆ, ಬಚ್ಚಲಲ್ಲಿ ದೊಡ್ಡ ಹಂಡೆ. ಅಡುಗೆಗೆ ಗ್ಯಾಸ್ ಇದೆ. ಆದರೆ ಸ್ನಾನದ ನೀರು ಕಾಯುವುದು, ಅಡಿಕೆ ಬೇಯುವುದು ಎರಡೂ ಸೌದೆಯಲ್ಲೇ. ಹಿಂದೆ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು ಜಾಗ) ಬಿದ್ದ ಮರ, ಒಣಗಿದ ಕೊಂಬೆಯಲ್ಲೇ ವರ್ಷ ಕಳೆಯುತ್ತಿತ್ತು. ಒಡೆದು ಹೊತ್ತು ತರುವ ಆಳು ಸಿಗದ ಹಾಗಾದ ಮೇಲೆ ಕೊಳ್ಳಲು ಶುರು ಮಾಡಿದೆವು. ಮೊದಲ ವರ್ಷವೇ ಟೋಪಿ ಹಾಕಿಸಿಕೊಂಡೆ.

ಬೇಸಿಗೆಯಲ್ಲಿ ಒಬ್ಬರು ಟ್ರ್ಯಾಕ್ಟರ್ ತಂದು ಅಂಗಳದಲ್ಲಿ ನಿಲ್ಲಿಸಿದರು. 'ಒಂದು ಲೋಡು ಅಂದ್ರೆ ಕಣ್ಣು ಮುಚ್ಚಿ ಎರಡು ಟನ್ನು ಅಕ್ಕಾ' ಅಂದರು. ನಾನು ನಿಜವಾಗಿಯೂ ಕಣ್ಣು ಮುಚ್ಚಿಯೇ ದುಡ್ಡು ಕೊಟ್ಟೆ. ಅಂಗಳದಲ್ಲಿ ಸುರಿದಾಗ ಗುಡ್ಡದ ಹಾಗೆ ಕಾಣುತ್ತಿತ್ತು. ಎರಡು ದಿನ ಸೊಂಟ ಮುರಿದುಕೊಂಡು ಕೊಟ್ಟಿಗೆಯಲ್ಲಿ ಒಟ್ಟಿದ ಮೇಲೆ ಅತ್ತೆ ಬಂದು ನೋಡಿ, 'ಇಷ್ಟೇನಾ?' ಅಂದರು.

ಆ ಮಾತು ಚುಚ್ಚಿತು. ಟೇಪು ತಂದು ಅಳೆದೆ. ಉದ್ದ 9 ಅಡಿ, ಎತ್ತರ ನಾಲ್ಕೂವರೆ, ಅಗಲ 2. ಗುಣಿಸಿದರೆ 81 ಘನ ಅಡಿ. ಆಮೇಲೆ ಪಕ್ಕದ ಮನೆಗೆ ಅದೇ ಟ್ರ್ಯಾಕ್ಟರ್ ಬಂದಾಗ ಟ್ರಾಲಿಯನ್ನೂ ಅಳೆದೆ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಹಲಗೆ. ಅಂದರೆ 120 ಘನ ಅಡಿ. ಹಾಗಾದರೆ ಮಿಕ್ಕಿದ್ದು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಇರಲೇ ಇಲ್ಲ. ಸೊಟ್ಟ ಕೊಂಬೆಗಳನ್ನು ಅಡ್ಡಾದಿಡ್ಡಿ ಎಸೆದು ತುಂಬಿದರೆ ನಡುವೆ ಪೊಳ್ಳು ಉಳಿಯುತ್ತದೆ. ನೀಟಾಗಿ ಒಟ್ಟಿದ ರಾಶಿಯಲ್ಲೇ ಸುಮಾರು ಮೂರನೇ ಒಂದು ಪಾಲು ಗಾಳಿ ಇರುತ್ತದೆ. ಎಸೆದು ತುಂಬಿದ್ದರಲ್ಲಿ ಕೇಳಬೇಕಾ?

ಇದನ್ನು ಫೋನಿನಲ್ಲಿ ಅಮೆರಿಕಾದಲ್ಲಿರುವ ಅಣ್ಣನ ಮಗನಿಗೆ ಹೇಳಿದೆ. ಅವನು ನಕ್ಕ. ಅವನ ಮನೆಯಲ್ಲೂ ಚಳಿಗಾಲಕ್ಕೆ ಸೌದೆ ಒಲೆ ಉರಿಯುತ್ತದೆ. ಅಲ್ಲಿ ಸೌದೆಯ ಅಳತೆಗೆ 'ಕಾರ್ಡ್' ಅಂತ ಹೆಸರು. 8 ಅಡಿ ಉದ್ದ, 4 ಅಡಿ ಎತ್ತರ, 4 ಅಡಿ ಅಗಲ, ಒತ್ತಾಗಿ ಒಟ್ಟಿದ 128 ಘನ ಅಡಿ. ಅಷ್ಟು ಗಟ್ಟಿ ಲೆಕ್ಕ ಇದ್ದರೂ ಅಲ್ಲಿಯೂ ಮೋಸ ಇದೆಯಂತೆ. 'ಫೇಸ್ ಕಾರ್ಡ್' ಅಂತ ಇನ್ನೊಂದು ಲೆಕ್ಕ. ಎದುರಿಂದ ನೋಡಿದರೆ ಅದೇ 8 ಅಡಿ, 4 ಅಡಿ. ಆದರೆ ತುಂಡಿನ ಉದ್ದ ಸಾಮಾನ್ಯವಾಗಿ 16 ಇಂಚು ಮಾತ್ರ. ಅಂದರೆ ಪೂರ್ತಿ ಕಾರ್ಡಿನ ಮೂರನೇ ಒಂದು ಪಾಲು. ಗೊತ್ತಿಲ್ಲದವರು ಅದಕ್ಕೇ ಪೂರ್ತಿ ದುಡ್ಡು ಕೊಟ್ಟು ಬರುತ್ತಾರೆ. ಆ ವರ್ಷ ಅವನೂ ಕೊಟ್ಟಿದ್ದ. ನನಗೆ ಸ್ವಲ್ಪ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳಲಿ.

ಮುಂದಿನ ವರ್ಷ ಹುಷಾರಾದೆ ಅಂದುಕೊಂಡೆ. ಲೋಡು ಲೆಕ್ಕ ಬೇಡ, ತೂಕದ ಲೆಕ್ಕವೇ ಸರಿ ಅಂತ ಇನ್ನೊಬ್ಬರ ಹತ್ತಿರ ಮಾತಾಡಿದೆ. ಗಾಡಿ ಸಮೇತ ತೂಗುವ ಕಾಟಾದ ಚೀಟಿ ತೋರಿಸಿದರು. 15 ಕ್ವಿಂಟಾಲ್. ತೂಕದಲ್ಲಿ ಒಂದು ಕೆಜಿ ಮೋಸ ಇರಲಿಲ್ಲ. ಆದರೆ ಅದು ಅಡಿಕೆ ಸುಗ್ಗಿಯ ಹೊತ್ತು, ಮರ ಕಡಿದು ವಾರವೂ ಆಗಿರಲಿಲ್ಲ. ರಾತ್ರಿ ಸುಲಿದ ಅಡಿಕೆ ಬೆಳಿಗ್ಗೆ ಬೇಯಲೇಬೇಕು, ಕಾಯಲು ಆಗಲ್ಲ. ಒಲೆಗೆ ಇಟ್ಟರೆ ತುಂಡಿನ ತುದಿಯಲ್ಲಿ ಚುಯ್ಯ್ ಅಂತ ನೊರೆ. ಊದಿ ಊದಿ ಕಣ್ಣೆಲ್ಲ ಕೆಂಪು. ಹಂಡೆ ಕುದಿಯುವಷ್ಟರಲ್ಲಿ ಮಧ್ಯಾಹ್ನ. ಸುಲಿಯಲು ಬಂದವರೆಲ್ಲ ನಮ್ಮ ಮನೆ ಹೊಗೆ ನೋಡಿ ನಗುವುದೊಂದು ಬಾಕಿ.

ಆ ಲೋಡಿನಲ್ಲಿ ಒಡೆದ ಅಕೇಶಿಯಾ ತುಂಡು 10 ಕೆಜಿ ತೂಗಿ, ಸೂರಿನ ಕೆಳಗೆ ಗಾಳಿ ಆಡುವ ಕಡೆ ಇಟ್ಟೆ. ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲೇ. ಎರಡೂವರೆ ತಿಂಗಳ ನಂತರ ತೂಗಿದರೆ 6 ಕೆಜಿ 800 ಗ್ರಾಂ. ನಾನು ಕೊಂಡ 15 ಕ್ವಿಂಟಾಲಿನಲ್ಲಿ ಹತ್ತಿರ ಹತ್ತಿರ 5 ಕ್ವಿಂಟಾಲ್ ಬರೀ ನೀರು! ಅದನ್ನು ಸೌದೆ ದರಕ್ಕೆ ಕೊಂಡು, ಒಲೆಯಲ್ಲಿಟ್ಟು ಆವಿ ಮಾಡಿದ್ದೆ.

ಲೋಡಿಗೆ ಕೊಂಡರೆ ಗಾಳಿಗೆ ದುಡ್ಡು, ತೂಕಕ್ಕೆ ಕೊಂಡರೆ ನೀರಿಗೆ ದುಡ್ಡು. ಎರಡನ್ನೂ ತಪ್ಪಿಸಿಕೊಳ್ಳಲು ಎರಡೂ ಲೆಕ್ಕ ಗೊತ್ತಿರಬೇಕು.

ಆಗಷ್ಟೇ ಕಡಿದ ಮರದಲ್ಲಿ ಸುಮಾರು ಅರ್ಧ ತೂಕ ನೀರೇ ಇರಬಹುದು. ಚೆನ್ನಾಗಿ ಒಣಗಿದ್ದರಲ್ಲಿ ನೂರಕ್ಕೆ 20ರ ಆಸುಪಾಸು. ಹಾಗಾಗಿ 10 ಕ್ವಿಂಟಾಲ್ ಒಣ ಸೌದೆಯಲ್ಲಿ ಇರುವಷ್ಟು ಮರ ಹಸಿಯದರಲ್ಲಿ ಸಿಗಬೇಕಾದರೆ 16 ಕ್ವಿಂಟಾಲ್ ಕೊಳ್ಳಬೇಕು. ಒಣಗಿದ್ದಕ್ಕೆ ಒಂದೂವರೆ ಪಟ್ಟು ದರ ಹೇಳಿದರೂ ನನಗೆ ಈಗ ಜಾಸ್ತಿ ಅನಿಸುವುದಿಲ್ಲ. ಇನ್ನೊಂದು ವಿಷಯ. ಪೂರ್ತಿ ಒಣಗಿದ ಮೇಲೆ ಯಾವ ಜಾತಿಯ ಮರವಾದರೂ ಕೆಜಿಗೆ ಕೊಡುವ ಶಾಖದಲ್ಲಿ ಅಂಥ ವ್ಯತ್ಯಾಸ ಇಲ್ಲ. ಆದರೆ ಒಂದು ಟ್ರಾಲಿ ಹಾಲವಾಣಕ್ಕೂ ಒಂದು ಟ್ರಾಲಿ ಅಕೇಶಿಯಾಕ್ಕೂ ಅಜಗಜಾಂತರ. ಹಾಲವಾಣ ಹಗುರ, ಕಾಗದದ ಹಾಗೆ ಉರಿದು ಹೋಗುತ್ತದೆ. ಲೋಡಿಗೆ ಕೊಳ್ಳುವವರು ಜಾತಿ ನೋಡಬೇಕು, ತೂಕಕ್ಕೆ ಕೊಳ್ಳುವವರು ಒಣಗಿದೆಯಾ ಅಂತ ನೋಡಬೇಕು.

ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ನಾನು ಯಾವ ಮೀಟರೂ ಇಟ್ಟುಕೊಂಡಿಲ್ಲ. ಅತ್ತೆ ಕಲಿಸಿದ್ದೇ ಸಾಕು. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯುತ್ತಾರೆ. ಠಣ್ ಅಂದರೆ ಒಣಗಿದ್ದು, ದಬ್ ಅಂದರೆ ಹಸಿ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಉಗುರಿಗೆ ಏಳಬೇಕು. ಒಂದು ತುಂಡು ಅಲ್ಲೇ ಒಡೆಸಿ ಒಳಭಾಗ ಕೆನ್ನೆಗೆ ಹಚ್ಚಿ ನೋಡುತ್ತಾರೆ. ತಣ್ಣಗೆ ಅನಿಸಿದರೆ ಬೇಡ. ಮೇಲಿನದಲ್ಲ, ಲೋಡಿನ ಅಡಿಯಲ್ಲಿರುವ ತುಂಡನ್ನೇ ಎಳೆಯಬೇಕು. ಒಣಗಿದ್ದು ಮೇಲೆ, ಹಸಿ ಕೆಳಗೆ ತುಂಬುವವರೂ ಇದ್ದಾರೆ.

ಕಾಟಾದಲ್ಲೂ ನೋಡುವುದು ಬಹಳ ಇಲ್ಲ. ಖಾಲಿ ಗಾಡಿಯ ತೂಕ, ತುಂಬಿದ ಗಾಡಿಯ ತೂಕ ಎರಡೂ ಅದೇ ದಿನದ್ದು, ಅದೇ ಕಾಟಾದ್ದು ಆಗಿರಬೇಕು. ಒಬ್ಬರು ತಂದ ಚೀಟಿಯಲ್ಲಿ ಖಾಲಿ ತೂಕ ಹಿಂದಿನ ತಿಂಗಳದ್ದಿತ್ತು. ಖಾಲಿ ತೂಗುವಾಗ ಗಾಡಿಯಲ್ಲಿ ಯಾರೂ ಇಲ್ಲ, ತುಂಬಿದ್ದನ್ನು ತೂಗುವಾಗ ಡ್ರೈವರ್ ಜೊತೆ ಇಬ್ಬರು ಆಳು ಕೂತಿದ್ದರೆ ಒಂದೂವರೆ ಎರಡು ಕ್ವಿಂಟಾಲ್ ಸುಮ್ನೆ ಸೇರಿಕೊಳ್ಳುತ್ತದೆ. ಕಾಟಾಕ್ಕೆ ವರ್ಷಕ್ಕೊಮ್ಮೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಆಗಬೇಕು. ಆ ಪತ್ರ ಕೇಳಿದರೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಸೌದೆ ಎಲ್ಲಿಂದ ಬಂತು ಅಂತಲೂ ಕೇಳುತ್ತೇನೆ. ನಮ್ಮ ಕಡೆ ಮತ್ತಿ, ಹೊನ್ನೆ ಕಡಿಮೆ ದರಕ್ಕೆ, ಅದೂ ಕತ್ತಲಾದ ಮೇಲೆ ಬಂದರೆ ಅದು ಯಾರದೋ ಬೆಟ್ಟದ್ದು, ಇಲ್ಲವೇ ಕಾಡಿನದ್ದು. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅಗ್ಗಕ್ಕೆ ಆಸೆ ಬಿದ್ದು ಅರಣ್ಯದವರಿಗೆ ಉತ್ತರ ಕೊಡುವ ಗ್ರಹಚಾರ ಯಾಕೆ?

ಈಗ ನಾಲ್ಕು ವರ್ಷದಿಂದ ಒಬ್ಬರ ಹತ್ತಿರವೇ ಕೊಳ್ಳುತ್ತಿದ್ದೇನೆ. ಅವರನ್ನು ನಂಬಿದ್ದು ದರ ಕಮ್ಮಿ ಅಂತಲ್ಲ. ಮೊದಲ ಸಲ ಹೋದಾಗ, 'ಈ ರಾಶಿ ಹಸಿ ಅಕ್ಕ, ಆಚೆದು ನೋಡಿ' ಅಂತ ಅವರೇ ಹೇಳಿದರು. ಕೊಟ್ಟಿಗೆಯ ಕಂಬಕ್ಕೆ ನಾನು ಸುಣ್ಣದಲ್ಲಿ ಅಡಿ ಲೆಕ್ಕದ ಗೀಟು ಎಳೆದಿದ್ದೇನೆ. ಒಟ್ಟಿ ಅಳೆದ ಮೇಲೆ ದುಡ್ಡು ಅಂದಾಗ ಹಿಂದಿನವರಿಬ್ಬರೂ ಮುಖ ಸಿಂಡರಿಸಿದ್ದರು. ಇವರು ಲುಂಗಿ ಕಟ್ಟಿ ತಾವೇ ಒಟ್ಟಲು ನಿಂತರು. ಸೊಟ್ಟ ತುಂಡು ಬಂದರೆ ಪಕ್ಕಕ್ಕೆ ಎಸೆದು, 'ಇದು ಲೆಕ್ಕಕ್ಕಿಲ್ಲ, ಬಚ್ಚಲಿಗೆ ಹಾಕ್ಕೊಳಿ' ಅಂದರು. ಈಗ ಮಾರ್ಚಿಯಲ್ಲೇ ತರಿಸುತ್ತೇನೆ. ಮಳೆ ಹಿಡಿಯುವ ಮೊದಲು ಮೂರು ತಿಂಗಳ ಬಿಸಿಲು ಗಾಳಿ ಸಿಗುತ್ತದೆ, ಸ್ವಲ್ಪ ಹಸಿ ಇದ್ದರೂ ಸುಗ್ಗಿ ಹೊತ್ತಿಗೆ ಠಣ್ ಅನ್ನುತ್ತದೆ.

ಕಳೆದ ವರ್ಷ ಮಾರ್ಚಿಯಲ್ಲಿ ಅವರ ಫೋನು ಬಂತು. 'ಅಕ್ಕಾ, ಈ ಸಲ ಕಡಿದದ್ದು ತಡ ಆಯ್ತು. ಈಗ ತಂದ್ರೆ ನಿಮ್ಮತ್ತೆ ಬಡಿದು ನೋಡಿ ನನ್ನನ್ನೇ ಬಡೀತಾರೆ. ಏಪ್ರಿಲ್ ಕೊನೆಗೆ ತರ್ತೀನಿ, ಆಗದಾ?' ಆಗುತ್ತೆ ಅಂದೆ. ಅಲ್ಲಿಯವರೆಗೆ ಬಚ್ಚಲ ಒಲೆಗೆ ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ಮತ್ತೆ ಅವರೇ ಲೆಕ್ಕಕ್ಕಿಲ್ಲ ಅಂತ ಬಿಟ್ಟುಹೋದ ಸೊಟ್ಟ ತುಂಡುಗಳು.