ಐವತ್ತು ತುಂಬಿದವರಿಗೆ ಅಂಚೆಯಲ್ಲಿ ಬರುವ ಕಿಟ್: ಬ್ರಿಟನ್ನಿನಲ್ಲಿರುವ ಕಲಬುರಗಿ ಕಡೆಯವರಿಗೆ

ಇಂಗ್ಲೆಂಡಿನಲ್ಲಿ ಐವತ್ತು ವರ್ಷ ತುಂಬಿದವರಿಗೆ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆಂದು ಒಂದು ಸಣ್ಣ ಕಿಟ್ ಕಳುಹಿಸುತ್ತದೆ. ಮಲದ ಒಂದು ಚೂರು ಮಾದರಿ ತೆಗೆದು ಅಂಚೆಗೆ ಹಾಕಿದರೆ ನಿಮ್ಮ ಕೆಲಸ ಮುಗಿಯಿತು. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಲ್ಲಿ ಈ ಲಕೋಟೆಯನ್ನು ಮೂಗು ಮುರಿದು ಮೂಲೆಗೆ ಸರಿಸುವವರಿದ್ದಾರೆ. ದಿನವಿಡೀ ಆಸ್ಪತ್ರೆಯಲ್ಲಿ ಪರರ ಮಲಮೂತ್ರ ನೋಡಿಕೊಳ್ಳುವ ನರ್ಸ್‌ಗಳೂ ಇವರಲ್ಲಿ ಸೇರಿದ್ದಾರೆ ಎಂಬುದು ನನಗೆ ಸೋಜಿಗ. ಕಟ್ಟಿದ ತೆರಿಗೆಗೆ ಮತ್ತು ವೀಸಾದ ಜೊತೆ ತೆತ್ತ ಆರೋಗ್ಯ ಶುಲ್ಕಕ್ಕೆ ಪ್ರತಿಯಾಗಿ ಸಿಗುವುದರಲ್ಲಿ, ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಪ್ರಯೋಜನ ಕೊಡುವುದು ಇನ್ನೊಂದಿಲ್ಲ.

ದೊಡ್ಡ ಕರುಳಿನ ಕ್ಯಾನ್ಸರ್ ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ. ಹೆಚ್ಚಿನವು ಕರುಳಿನ ಒಳಗೋಡೆಯ ಮೇಲೆ ಮೂಡುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತವೆ. ಎಲ್ಲ ಪಾಲಿಪ್‌ಗಳೂ ಕೆಡುವುದಿಲ್ಲ. ಕೆಡುವಂಥವು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ತೆಗೆದುಕೊಳ್ಳುತ್ತವೆ. ಅಷ್ಟರೊಳಗೆ ಅದನ್ನು ಕತ್ತರಿಸಿ ತೆಗೆದರೆ ಆ ಗಂಟಿನಿಂದ ಕ್ಯಾನ್ಸರ್ ಬರುವ ಮಾತೇ ಇಲ್ಲ. ಕ್ಯಾನ್ಸರ್ ಆಗಿದ್ದರೂ ಮೊದಲ ಹಂತದಲ್ಲೇ ಸಿಕ್ಕರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ನಾಲ್ಕನೆಯ ಹಂತದಲ್ಲಿ ಸಿಕ್ಕವರಲ್ಲಿ ಹಾಗೆ ಬದುಕುವವರು ಹತ್ತಕ್ಕೆ ಒಬ್ಬರ ಆಸುಪಾಸು. ಪಾಲಿಪ್ ಆಗಲಿ, ಕ್ಯಾನ್ಸರ್ ಆಗಲಿ, ಕಣ್ಣಿಗೆ ಕಾಣದಷ್ಟು ರಕ್ತವನ್ನು ಆಗಾಗ ಸೋರಿಸುತ್ತಿರುತ್ತದೆ. ಕಿಟ್ ಹುಡುಕುವುದು ಆ ರಕ್ತವನ್ನು.

ಪರೀಕ್ಷೆಯ ಹೆಸರು ಫಿಟ್. 2019ರಲ್ಲಿ ಇಂಗ್ಲೆಂಡ್ ಹಳೆಯ ವಿಧಾನವನ್ನು ಬಿಟ್ಟು ಇದಕ್ಕೆ ಬದಲಾಯಿತು. ಹಳೆಯದಕ್ಕೆ ಹಲವು ಮಾದರಿ ಬೇಕಿತ್ತು, ಇದಕ್ಕೆ ಒಂದೇ ಸಾಕು. ಇದು ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಹಿಂದಿನ ದಿನ ಮಟನ್ ತಿಂದಿದ್ದರೂ ಬೀಟ್‌ರೂಟ್ ತಿಂದಿದ್ದರೂ ಚಿಂತೆಯಿಲ್ಲ, ಪಥ್ಯ ಬೇಡ. ಮಲ ನೀರಿಗೆ ತಾಗುವ ಮೊದಲೇ ಕಾಗದದ ಮೇಲೋ ಶುಭ್ರವಾದ ಡಬ್ಬಿಯಲ್ಲೋ ಹಿಡಿಯಿರಿ. ಬಾಟಲಿಯ ಮುಚ್ಚಳಕ್ಕೆ ಅಂಟಿದ ಕಡ್ಡಿಯ ತುದಿಯನ್ನು ಅದರ ಮೇಲೆ ಎಳೆದು, ತುದಿಯ ಗೀರುಗಳು ತುಂಬಿದರೆ ಸಾಕು, ಮುಚ್ಚಿಬಿಡಿ. ಹೆಚ್ಚು ತುಂಬಿಸುವುದು ಬೇಡ. ಬಾಟಲಿಯ ಮೇಲೆ ಮಾದರಿ ತೆಗೆದ ದಿನಾಂಕ ಬರೆಯುವುದನ್ನು ಮರೆಯಬೇಡಿ, ದಿನಾಂಕವಿಲ್ಲದ ಬಾಟಲಿ ವ್ಯರ್ಥವಾಗಬಹುದು. ಬೇಗ ಅಂಚೆಗೆ ಹಾಕಿ. ಅಂಚೆ ವೆಚ್ಚ ಅವರದೇ.

ವಯಸ್ಸಿನ ಮಿತಿ ಎಲ್ಲ ಕಡೆ ಒಂದೇ ಅಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 50ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಕಿಟ್ ಬರುತ್ತದೆ. ಉತ್ತರ ಐರ್ಲೆಂಡಿನಲ್ಲಿ 60ರಿಂದ ಆರಂಭ. ಇಂಗ್ಲೆಂಡಿನಲ್ಲೂ ಮೊದಲು 60 ಇತ್ತು, 2021ರಿಂದ ಹಂತಹಂತವಾಗಿ ಇಳಿಸಿದರು. ಆದ್ದರಿಂದ "ನನಗೆ ಇನ್ನೂ ಸಮಯವಿದೆ, ಅಣ್ಣನಿಗೆ ಅರವತ್ತಕ್ಕೆ ಬಂತು" ಎನ್ನುವ ಲೆಕ್ಕ ಹಳೆಯದು.

ಕಿಟ್ ಬರುವುದು ಜಿಪಿ, ಅಂದರೆ ನಿಮ್ಮ ಬಡಾವಣೆಯ ಕುಟುಂಬ ವೈದ್ಯರ ಬಳಿ ದಾಖಲಾದ ವಿಳಾಸಕ್ಕೆ. ನಮ್ಮವರು ತಪ್ಪಿಸಿಕೊಳ್ಳುವುದು ಇಲ್ಲೇ. ಕೆಲಸ ಬದಲಾದಂತೆ ಬಾಡಿಗೆ ಮನೆ ಬದಲಾಗುತ್ತದೆ, ಬ್ಯಾಂಕಿಗೆ ತಿಳಿಸುತ್ತೇವೆ, ಜಿಪಿಗೆ ತಿಳಿಸುವುದಿಲ್ಲ. ಜಿಪಿ ಬಳಿ ಹೆಸರನ್ನೇ ಹಚ್ಚಿಸದೆ, ಜ್ವರ ಬಂದರೆ ಊರಿಂದ ತಂದ ಮಾತ್ರೆ ನುಂಗುತ್ತಾ ವರ್ಷಗಳನ್ನು ಕಳೆಯುವವರೂ ಉಂಟು. ಹೆಸರು ಹಚ್ಚಿಸುವುದು ಉಚಿತ. ಅದಕ್ಕೆ ವಿಳಾಸದ ದಾಖಲೆಯಾಗಲಿ ವೀಸಾದ ಕಾಗದವಾಗಲಿ ಕಡ್ಡಾಯವಲ್ಲ. ಸ್ವಾಗತದ ಕೌಂಟರಿನಲ್ಲಿ ಕೇಳಿದರೂ, ಅವಿಲ್ಲ ಎಂಬ ಕಾರಣಕ್ಕೆ ನಿಮ್ಮನ್ನು ನಿರಾಕರಿಸುವಂತಿಲ್ಲ.

ಫಲಿತಾಂಶ ಎರಡು ವಾರದೊಳಗೆ ಪತ್ರದಲ್ಲಿ ಬರುತ್ತದೆ. ಬಹುಪಾಲು ಜನರಿಗೆ ಸದ್ಯಕ್ಕೆ ಹೆಚ್ಚಿನ ಪರೀಕ್ಷೆ ಬೇಕಿಲ್ಲ ಎಂದಿರುತ್ತದೆ. ಕೆಲವರಿಗೆ ಕೊಲೊನೊಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಗುದದ್ವಾರದಿಂದ ಒಳಬಿಟ್ಟು ಕರುಳು ನೋಡುವ ಪರೀಕ್ಷೆಗೆ, ಕರೆ ಬರುತ್ತದೆ. ಕರೆ ಬಂದವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಪಾಲಿಪ್ ಕಂಡರೆ ಸಾಮಾನ್ಯವಾಗಿ ಆಗಲೇ ತೆಗೆಯುತ್ತಾರೆ. ಕೊಲೊನೊಸ್ಕೋಪಿಗೆ ಮೊದಲು, ತರಬೇತಿ ಪಡೆದ ನರ್ಸ್ ಒಬ್ಬರು ನಿಮ್ಮೊಡನೆ ಮಾತನಾಡುತ್ತಾರೆ. ಸಕ್ಕರೆ ಕಾಯಿಲೆಯ ಔಷಧ, ರಕ್ತ ತೆಳುವಾಗಿಸುವ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಯಾವುದಿದ್ದರೂ ಅವರಿಗೆ ಆಗಲೇ ಹೇಳಿ. ಇಂಗ್ಲಿಷ್ ಸಾಲದ ತಂದೆತಾಯಿಯರು ನಿಮ್ಮ ಜೊತೆ ಕಾಯಂ ಆಗಿ ನೆಲೆಸಿದ್ದರೆ ದುಭಾಷಿ ಬೇಕೆಂದು ಮುಂಚಿತವಾಗಿ ತಿಳಿಸಿ, ಅದಕ್ಕೆ ಹಣ ಕೊಡಬೇಕಿಲ್ಲ. ಮಲದ ವಿಚಾರವನ್ನು ಅತ್ತೆಯ ಪರವಾಗಿ ಅಳಿಯ ವಿವರಿಸುವ ಪೇಚು ಇಬ್ಬರಿಗೂ ತಪ್ಪುತ್ತದೆ.

ಕೊಲೊನೊಸ್ಕೋಪಿಗೆ ಮುಂಚಿನ ಒಂದೆರಡು ದಿನ ನಮ್ಮ ಊಟ ತಲೆಕೆಳಗಾಗುತ್ತದೆ. ಕರುಳು ಸ್ವಚ್ಛವಾಗಬೇಕಾದ್ದರಿಂದ ನಾರು, ಬೀಜ, ಸಿಪ್ಪೆ ಬೇಡ ಎನ್ನುತ್ತಾರೆ. ಅಂದರೆ ಜೋಳದ ರೊಟ್ಟಿ ಬೇಡ, ತೊಗರಿ ಬೇಳೆ ಬೇಡ, ಪುಂಡಿ ಪಲ್ಯ ಬೇಡ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳಂತೂ ಬೇಡವೇ ಬೇಡ. ಆಸ್ಪತ್ರೆಯ ಚೀಟಿಯಲ್ಲಿ ಕಂದು ಬ್ರೆಡ್, ಸೀರಿಯಲ್ ಎಂದೆಲ್ಲ ಬರೆದಿರುತ್ತದೆಯೇ ಹೊರತು ರೊಟ್ಟಿಯ ಹೆಸರಿರುವುದಿಲ್ಲ, ಹೆಸರಿಲ್ಲವೆಂದು ತಿಂದುಬಿಡಬೇಡಿ. ಬಿಳಿ ಅನ್ನ, ಬಿಳಿ ಬ್ರೆಡ್, ಮೊಟ್ಟೆ, ಮೀನು ಆಗುತ್ತವೆ. ಆಮೇಲೆ ಭೇದಿಯ ಔಷಧ ಕುಡಿದು ಶೌಚಾಲಯದ ಹತ್ತಿರವೇ ಇರಬೇಕು. ಕರುಳು ಸ್ವಚ್ಛವಾಗದಿದ್ದರೆ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಿಸಿಕೊಳ್ಳಬೇಕಾದೀತು, ಹಾಗಾಗಿ ಔಷಧವನ್ನು ಪೂರ್ತಿ ಕುಡಿಯಿರಿ. ಮಂಪರಿನ ಚುಚ್ಚುಮದ್ದು ತೆಗೆದುಕೊಂಡರೆ ಮನೆಗೆ ಕರೆದೊಯ್ಯಲು ಒಬ್ಬರು ಬೇಕು, ಅಂದು ಕಾರು ಓಡಿಸುವಂತಿಲ್ಲ.

ಅಂಚೆಯ ಕಿಟ್ ಇರುವುದು ಏನೂ ತೊಂದರೆ ಇಲ್ಲದವರಿಗೆ. ತೊಂದರೆ ಇದ್ದರೆ ಅದಕ್ಕಾಗಿ ಕಾಯಬಾರದು, ವಯಸ್ಸು ಮೂವತ್ತೈದಾದರೂ ನೇರವಾಗಿ ಜಿಪಿಗೆ ಹೋಗಬೇಕು. ಮಲದಲ್ಲಿ ರಕ್ತ, ಮೂರು ವಾರ ಕಳೆದರೂ ಸರಿಹೋಗದ ಮಲಬದ್ಧತೆ ಅಥವಾ ಭೇದಿ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆಯ ಸುಸ್ತು, ಹೊಟ್ಟೆಯಲ್ಲಿ ಗಡ್ಡೆ ಅಥವಾ ಬಿಡದ ನೋವು: ಇವು ಹೇಳಬೇಕಾದ ಲಕ್ಷಣಗಳು. ನಮ್ಮ ಕಡೆ ರಕ್ತ ಕಂಡರೆ ಮೊದಲ ತೀರ್ಪು "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಎಂದು, ಎರಡನೆಯದು ಮೂಲವ್ಯಾಧಿ ಎಂದು. ಕಲಬುರಗಿಯ ಮೇ ತಿಂಗಳಲ್ಲಿ ಉಷ್ಣದ ಮೇಲೆ ತಪ್ಪು ಹೊರಿಸುವುದು ಸುಲಭ. ಮ್ಯಾಂಚೆಸ್ಟರಿನ ಜನವರಿಯಲ್ಲೂ ಅದನ್ನೇ ಹೇಳುವವರನ್ನು ಏನೆನ್ನಬೇಕೋ ತಿಳಿಯದು. ಮೂಲವ್ಯಾಧಿಯೇ ಇರಬಹುದು, ಹೆಚ್ಚಾಗಿ ಅದೇ ಇರುತ್ತದೆ. ಆದರೆ ಅದನ್ನು ಪರೀಕ್ಷೆ ಹೇಳಬೇಕು. ಜಿಪಿ ಕೂಡ ಫಿಟ್ ಪರೀಕ್ಷೆಯನ್ನೇ ಕೊಡಬಹುದು, ಆದರೆ ರಕ್ತದ ಮಿತಿಯನ್ನು ಬಹಳ ಕೆಳಗಿಟ್ಟು ಅಳೆಯುತ್ತಾರೆ, ಅಂದರೆ ತೀರ ಕಡಿಮೆ ರಕ್ತವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಕಳೆದ ವರ್ಷ ಅಂಚೆಯ ಕಿಟ್‌ನಲ್ಲಿ ಏನೂ ಸಿಗಲಿಲ್ಲ ಎಂಬುದು ಈಗ ಸುಮ್ಮನಿರಲು ಕಾರಣವಲ್ಲ. ಇಂಗ್ಲೆಂಡಿನಲ್ಲಿ ಜಿಪಿ ತುರ್ತಾಗಿ ಕಳುಹಿಸಿದರೆ 28 ದಿನದೊಳಗೆ ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಸುವ ಗುರಿಯಿದೆ. ತಡವಾದರೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.

ಜಿಪಿ ಕೇಳುವ ಇನ್ನೊಂದು ಪ್ರಶ್ನೆಗೆ ಉತ್ತರ ಊರಿನಲ್ಲಿದೆ: ಮನೆತನದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿತ್ತೇ? ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಒಬ್ಬರಿಗೆ ಐವತ್ತಕ್ಕೆ ಮೊದಲು ಆಗಿದ್ದರೆ, ಅಥವಾ ಇಬ್ಬರಿಗೆ ಯಾವ ವಯಸ್ಸಿನಲ್ಲೇ ಆಗಿದ್ದರೂ, ಇಲ್ಲಿನ ಮಾರ್ಗಸೂಚಿ 55ನೆಯ ವಯಸ್ಸಿಗೆ ನೇರವಾಗಿ ಕೊಲೊನೊಸ್ಕೋಪಿ ಸೂಚಿಸುತ್ತದೆ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷವಿದ್ದರೆ ಇನ್ನೂ ಬೇಗ, ಮತ್ತೆ ಮತ್ತೆ. ಆದರೆ ನಮ್ಮ ಮನೆಗಳಲ್ಲಿ ರೋಗಿಗೇ ರೋಗದ ಹೆಸರು ಹೇಳುವುದಿಲ್ಲ. ಮುತ್ಯಾ "ಹೊಟ್ಟೆನೋವಿನಿಂದ" ಹೋದರು, ಕಾಕಾ "ಊಟ ಸೇರದೆ ಸೊರಗಿ" ಹೋದರು. ಭಾನುವಾರದ ಫೋನಿನಲ್ಲಿ ಮನೆಯ ಹಿರಿಯರೊಬ್ಬರನ್ನು ಮೆಲ್ಲಗೆ ಕೇಳಿ: ಎಷ್ಟು ವಯಸ್ಸಿತ್ತು, ಎಲ್ಲಿ ತೋರಿಸಿದ್ದರು, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ದಿದ್ದರೇ, ಬಯಾಪ್ಸಿ ಕಾಗದ ಯಾವುದಾದರೂ ಉಳಿದಿದೆಯೇ. ಹಳೆಯ ಟ್ರಂಕಿನಲ್ಲಿ ಅಂಥದೊಂದು ಹಾಳೆ ಸಿಕ್ಕರೆ ಫೋಟೊ ತರಿಸಿಕೊಂಡು ಜಿಪಿಗೆ ತೋರಿಸಿ.

ಹೇಳಲು ಮುಜುಗರವಾಗುವ ಒಂದು ಸಂಗತಿಯೂ ಇದೆ. ನಮ್ಮ ಕಡೆ ಸೋದರಮಾವನೊಡನೆ, ಅತ್ತೆಯ ಮಗನೊಡನೆ ಮದುವೆಗಳು ಸಾಮಾನ್ಯ. ಪಾಲಿಪ್‌ಗಳು ಹೇರಳವಾಗಿ ಹುಟ್ಟುವ ಒಂದು ಆನುವಂಶಿಕ ಕಾಯಿಲೆ ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ, ರಕ್ತಸಂಬಂಧದ ಮದುವೆಗಳಲ್ಲಿ ಅದಕ್ಕೆ ಅವಕಾಶ ಹೆಚ್ಚು. ತಂದೆತಾಯಿಗೆ ಕಾಯಿಲೆ ಇರದೆ ಅಣ್ಣತಮ್ಮಂದಿರಿಗೆ ಬರುವುದು ಅದರ ಲಕ್ಷಣ. ಇಲ್ಲಿನ ವೈದ್ಯರು ತಾವಾಗಿ ಕೇಳಲಿಕ್ಕಿಲ್ಲ, ನೀವೇ ಹೇಳಿ.

ಊಟದ ಬಗ್ಗೆ ನಮಗೆ ಹೊಸದಾಗಿ ಕಲಿಯಬೇಕಾದ್ದು ಕಡಿಮೆ, ಬಿಟ್ಟಿದ್ದನ್ನು ಮತ್ತೆ ಹಿಡಿದರೆ ಸಾಕು. ದಿನಕ್ಕೆ 30 ಗ್ರಾಂ ನಾರು ಬೇಕು ಎಂದು ಇಲ್ಲಿನ ಸಲಹೆ. ರೊಟ್ಟಿ, ಬೇಳೆ, ಮೊಳಕೆ ಕಾಳು, ಸೊಪ್ಪಿನ ಪಲ್ಯದ ತಾಟು ಆ ಕಡೆಗೆ ಬಹುದೂರ ಒಯ್ಯುತ್ತದೆ. ಜೋಳದ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಕೆಡುವುದು ಮಧ್ಯಾಹ್ನದ ಹ್ಯಾಮ್ ಸ್ಯಾಂಡ್‌ವಿಚ್‌ನಲ್ಲಿ, ಬೆಳಗಿನ ಬೇಕನ್‌ನಲ್ಲಿ. ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಅಂಗ 2015ರಲ್ಲೇ ಘೋಷಿಸಿದೆ. ಕುರಿ ಮಾಂಸವೂ ಕೆಂಪು ಮಾಂಸವೇ: ದಿನಕ್ಕೆ 90 ಗ್ರಾಂಗಿಂತ ಹೆಚ್ಚು ತಿನ್ನುವವರು 70ಕ್ಕೆ ಇಳಿಸಬೇಕು ಎನ್ನುತ್ತಾರೆ. ಹಬ್ಬಕ್ಕೊಮ್ಮೆ ತಹರಿ ತಿಂದರೆ ಯಾರೂ ಬೇಡವೆನ್ನುವುದಿಲ್ಲ. ಸಿಗರೇಟು, ಮದ್ಯ, ಕುಳಿತಲ್ಲೇ ಕುಳಿತಿರುವ ಕೆಲಸ ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಭೇಟಿ ವೀಸಾದಲ್ಲಿ ಬಂದ ತಂದೆತಾಯಿಗೆ ಈ ವ್ಯವಸ್ಥೆ ಒದಗುತ್ತದೆ ಎಂದು ನಂಬಿ ಕೂರಬೇಡಿ. ಜಿಪಿ ನೋಡುವುದು ಉಚಿತ, ಆದರೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಕೊಲೊನೊಸ್ಕೋಪಿಯಂಥದಕ್ಕೆ ನಿಗದಿತ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಭಾರತದ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಕರುಳಿನದು ಇಲ್ಲ. ಆದ್ದರಿಂದ ಅವರಿಗೆ ಲಕ್ಷಣವಿದ್ದರೆ ಊರಿನಲ್ಲೇ ತಜ್ಞರಿಗೆ ತೋರಿಸಬೇಕು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯೂ ಇದೆ. ಇಲ್ಲೇ ನೆಲೆಸಿದ ಹಿರಿಯರಿಗೆ 75 ದಾಟಿದರೆ ಕಿಟ್ ತಾನಾಗಿ ಬರುವುದು ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ 0800 707 60 60 ಎಂಬ ಉಚಿತ ಸಂಖ್ಯೆಗೆ ಫೋನ್ ಮಾಡಿ ಎರಡು ವರ್ಷಕ್ಕೊಮ್ಮೆ ಕೇಳಿ ತರಿಸಿಕೊಳ್ಳಬಹುದು. ಕಿಟ್ ಕಳೆದುಹೋದವರೂ ಹೊಸದಕ್ಕೆ ಇದೇ ಸಂಖ್ಯೆಗೆ ಕರೆ ಮಾಡಬೇಕು.