ಆರ್ಡುಯಿನೋ ಚಿತ್ರ ಟಿವಿಯಲ್ಲಿ ನಡುಗಿದರೆ, ಮೊದಲು ನಡುಗುವ ರೀತಿ ನೋಡಿ

ಕಾಸರಗೋಡಿನ ಪೆರ್ಲದಲ್ಲಿ ನನ್ನದು ಟಿವಿ, ಮಿಕ್ಸಿ ರಿಪೇರಿ ಅಂಗಡಿ. ಹಳೆಯ ಡಬ್ಬಾ ಟಿವಿ ರಿಪೇರಿಗೆ ಬರುವುದು ಈಗ ಅಪರೂಪ. ಬಂದರೂ ಅಲ್ಲೇ ಬಿಟ್ಟುಹೋಗುವವರೇ ಜಾಸ್ತಿ. ಅವನ್ನು ಕೇಳಿಕೊಂಡು ಬರುವವರು ಶಾಲೆಯ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನ ಮಕ್ಕಳು, ಪಾಲಿಟೆಕ್ನಿಕ್ ಹುಡುಗರು. ಆರ್ಡುಯಿನೋಗೆ (ನಾವು ಬರೆದ ಕೋಡ್ ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡು) ಎರಡು ರೆಸಿಸ್ಟರ್ ಹಾಕಿದರೆ ಟಿವಿಯಲ್ಲಿ ಅಕ್ಷರ ಬರುತ್ತದೆ ಅಂತ ಎಲ್ಲೋ ನೋಡಿರುತ್ತಾರೆ. ಬರುತ್ತದೆ, ನಿಜ. ಆದರೆ ನಡುಗುತ್ತಾ ಬರುತ್ತದೆ. ಮರುದಿನವೇ ದೂರು: "ಅಣ್ಣಾ, ನೀವು ಕೊಟ್ಟ ಟಿವಿ ಸರಿ ಇಲ್ಲ."

ಟಿವಿಯನ್ನು ಕೊನೆಗೆ ಬೈಯೋಣ. ಚಿತ್ರ ಹೇಗೆ ನಡುಗುತ್ತಿದೆ ಎಂದು ಒಂದು ನಿಮಿಷ ಸುಮ್ನೆ ನೋಡಿ. ಮೇಲಕ್ಕೆ ಉರುಳುತ್ತಿದೆಯಾ, ಓರೆಯಾಗಿ ಹರಿದಿದೆಯಾ, ಕಪ್ಪು ಪಟ್ಟಿ ತೆವಳುತ್ತಿದೆಯಾ, ಅಕ್ಷರದ ಅಂಚು ಮಾತ್ರ ಅದುರುತ್ತಿದೆಯಾ? ಒಂದೊಂದಕ್ಕೂ ಕಾರಣ ಬೇರೆ. ನಾನು ಹೇಳುವುದೆಲ್ಲ ಆರ್ಡುಯಿನೋ ಊನೋ ಬೋರ್ಡು ಮತ್ತು ಟಿವಿಗೆ ಚಿತ್ರ ಕಳಿಸುವ ಸಿದ್ಧ ಕೋಡ್ ಆದ ಟಿವಿಔಟ್ ಲೈಬ್ರರಿಯ ಬಗ್ಗೆ. ಮೆಗಾ ಬೋರ್ಡಿನಲ್ಲಿ ಪಿನ್‌ಗಳು ಬೇರೆ.

ಇಡೀ ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಿದ್ದರೆ ಕೋಡ್‌ನ ಟಿವಿ.ಬಿಗಿನ್ ಸಾಲು ನೋಡಿ. ಎಷ್ಟೋ ಉದಾಹರಣೆಗಳಲ್ಲಿ ಎನ್‌ಟಿಎಸ್‌ಸಿ ಅಂತ ಇರುತ್ತದೆ. ಅದು ಅಮೆರಿಕದ ಲೆಕ್ಕ, 525 ಗೆರೆ, ಸೆಕೆಂಡಿಗೆ 60 ಸಲ. ನಮ್ಮದು ಪಾಲ್, 625 ಗೆರೆ, 50 ಸಲ. ಎರಡರಲ್ಲೂ ಒಂದೊಂದು ಸಲಕ್ಕೆ ಬರೆಯುವುದು ಅರ್ಧದಷ್ಟು ಗೆರೆ. ಆ ಪದ ಬದಲಿಸಿದರೆ ಸಾಕು, ಉರುಳುವುದು ನಿಲ್ಲುತ್ತದೆ. ಹೋಲ್ಡ್ (ಉರುಳುವುದನ್ನು ನಿಲ್ಲಿಸುವ ತಿರುಪು) ಸರಿ ಮಾಡುತ್ತೇನೆ ಅಂತ ಡಬ್ಬಾ ಟಿವಿಯ ಹಿಂದಿನ ಮುಚ್ಚಳ ಮಾತ್ರ ಬಿಚ್ಚಬೇಡಿ. ಕಲರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟ್‌ಗಿಂತಲೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಕೂತಿರುತ್ತದೆ.

ಚಿತ್ರ ಓರೆಯಾಗಿ ಹರಿದಿದ್ದರೆ ಅಥವಾ ಮೇಲ್ತುದಿ ಬಾಗಿದ್ದರೆ ರೆಸಿಸ್ಟರ್ ನೋಡಿ. 9ನೇ ಪಿನ್‌ನಿಂದ 1 ಕಿಲೋ ಓಮ್, ಅದು ಸಿಂಕ್, ಅಂದರೆ ಗೆರೆ ಎಲ್ಲಿ ಶುರು ಅಂತ ಟಿವಿಗೆ ಹೇಳುವ ಸಂಕೇತ. 7ನೇ ಪಿನ್‌ನಿಂದ 470 ಓಮ್, ಅದು ಚಿತ್ರ. ಎರಡರ ಇನ್ನೊಂದು ತುದಿ ಸೇರಿ ಹಳದಿ ಆರ್‌ಸಿಎ ಪಿನ್ನಿನ ನಡುವಿಗೆ, ಗ್ರೌಂಡ್ ಅದರ ಹೊರಗಿನ ರಿಂಗಿಗೆ. ಒಂದು ಕಿಲೋ ಅಂದರೆ ಕಂದು, ಕಪ್ಪು, ಕೆಂಪು. ಹತ್ತು ಕಿಲೋ ಅಂದರೆ ಕಂದು, ಕಪ್ಪು, ಕಿತ್ತಳೆ. ರಾತ್ರಿ ಹಳದಿ ಬಲ್ಬಿನ ಕೆಳಗೆ ಕೆಂಪೂ ಕಿತ್ತಳೆಯೂ ಒಂದೇ ಥರ ಕಾಣುತ್ತದೆ. ಅಲ್ಲಿ ಹತ್ತು ಕಿಲೋ ಕೂತರೆ ಸಿಂಕ್ ಎಷ್ಟು ಸಣ್ಣದಾಗುತ್ತದೆ ಅಂದರೆ ಟಿವಿಗೆ ಗೆರೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ.

ಅನುಮಾನ ಇದ್ದರೆ ಅಳೆದು ನೋಡಿ. ಚಿತ್ರ ಓಡುತ್ತಿರುವಾಗ ಮಲ್ಟಿಮೀಟರ್ ಇಟ್ಟರೆ ಪ್ರಯೋಜನ ಇಲ್ಲ, ಸರಾಸರಿ ತೋರಿಸುತ್ತದೆ. 9 ಮತ್ತು 7 ಎರಡನ್ನೂ ಔಟ್‌ಪುಟ್ ಮಾಡಿ ನಿಲ್ಲಿಸುವ ನಾಲ್ಕು ಸಾಲಿನ ಕೋಡ್ ಹಾಕಿ. ಟಿವಿಯ ಬದಲಿಗೆ 75 ಓಮ್ ರೆಸಿಸ್ಟರ್ ಕೊಡಿ. ಅದು ಸಿಗದಿದ್ದರೆ 150 ಓಮ್‌ನ ಎರಡನ್ನು ಪ್ಯಾರಲಲ್ ಹಾಕಿ. 9 ಮಾತ್ರ ಹೈ (5 ವೋಲ್ಟ್), 7 ಲೋ (ಸೊನ್ನೆ) ಇದ್ದಾಗ 0.3 ವೋಲ್ಟ್ ಬರಬೇಕು, ಅದು ಕಪ್ಪು. ಎರಡೂ ಹೈ ಇದ್ದಾಗ ಸುಮಾರು 0.95, ಅದು ಬಿಳಿ. ಎರಡೂ ಲೋ ಇದ್ದಾಗ ಸೊನ್ನೆ, ಅದು ಸಿಂಕ್. ಆ 75 ಓಮ್ ಲೋಡ್ ಕೊಡದೆ ಅಳೆದರೆ ಕಪ್ಪಿನ ಜಾಗದಲ್ಲಿ 1.6 ವೋಲ್ಟ್ ತೋರಿಸುತ್ತದೆ, ಹೆದರಬೇಡಿ.

ಕಪ್ಪು ಪಟ್ಟಿಯೊಂದು ನಿಧಾನ ಮೇಲೆ ಕೆಳಗೆ ತೆವಳಿದರೆ ಕರೆಂಟಿನದ್ದೇ ತೊಂದರೆ. ನಮ್ಮ ಕರೆಂಟೂ 50 ಸೈಕಲ್, ಪಾಲ್ ಚಿತ್ರವೂ 50. ಎರಡೂ ಹತ್ತಿರ ಹತ್ತಿರ ಇರುವುದರಿಂದಲೇ ಪಟ್ಟಿ ಅಷ್ಟು ನಿಧಾನ. ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ಟಿವಿಗೆ ಕೇಬಲ್ ಕನೆಕ್ಷನ್ನಿನ ವಯರ್ ಚುಚ್ಚಿದ್ದರೆ ಅದನ್ನೂ ಕೀಳಿ. ಬೋರ್ಡನ್ನು ಪವರ್ ಬ್ಯಾಂಕಿನಿಂದ ಓಡಿಸಿ. ಪಟ್ಟಿ ಹೋಯಿತಾ? ಹಾಗಾದರೆ ಕೋಡ್ ಮುಟ್ಟುವುದೇ ಬೇಡ, ಒಳ್ಳೆಯ ಅಡಾಪ್ಟರ್ ತನ್ನಿ. ಬೋರ್ಡಿನ 5 ವೋಲ್ಟ್‌ಗೂ ಗ್ರೌಂಡ್‌ಗೂ ನಡುವೆ 100 ಮೈಕ್ರೋಫ್ಯಾರಡ್ ಒಂದು, 0.1 ಮೈಕ್ರೋಫ್ಯಾರಡ್ ಒಂದು ಕೆಪಾಸಿಟರ್ ಹಾಕಿ. ರಿಲೇ ಇದ್ದರೆ ಅದಕ್ಕೆ ಬೇರೆ ಸಪ್ಲೈ ಕೊಡಿ. ಬೇಸಗೆಯಲ್ಲಿ ಎಲ್ಲರ ತೋಟದಲ್ಲೂ ಸ್ಪ್ರಿಂಕ್ಲರ್ ತಿರುಗುವ ಹೊತ್ತಿಗೆ ನಮ್ಮಲ್ಲಿ ವೋಲ್ಟೇಜಿನ ಕಥೆ ಗೊತ್ತಲ್ವಾ. ಆಗ ಪರೀಕ್ಷೆ ಮಾಡಿ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ನಿಜವಾದ ತಲೆನೋವು. ಚಿತ್ರ ನಿಂತಿದೆ, ಆದರೆ ಅಕ್ಷರದ ಅಂಚು ಗರಗಸದ ಹಲ್ಲಿನ ಹಾಗೆ ಅದುರುತ್ತಿದೆ. ಅಥವಾ ಆಗಾಗ ಇಡೀ ಚಿತ್ರ ಒಮ್ಮೆ ಹಾರಿ ಕೂರುತ್ತದೆ. ನನ್ನ ಹತ್ತಿರ ಬಂದವುಗಳಲ್ಲಿ ಹೆಚ್ಚಿನವು ಇದೇ. ಇಲ್ಲಿ ತಂತಿ ಎಷ್ಟು ಎಳೆದಾಡಿದರೂ ಅಷ್ಟೇ.

ಒಳಗೆ ಆಗುವುದು ಹೀಗೆ. ಪಾಲ್‌ನಲ್ಲಿ ಒಂದು ಗೆರೆಗೆ 64 ಮೈಕ್ರೋಸೆಕೆಂಡ್. ಊನೋದ 16 ಮೆಗಾಹರ್ಟ್ಸ್ ಲೆಕ್ಕದಲ್ಲಿ ಸರಿಯಾಗಿ 1024 ಸೈಕಲ್. ಗೆರೆಯ ಸಿಂಕ್ ಅನ್ನು ಟೈಮರ್ 1 ತಾನಾಗಿಯೇ 9ನೇ ಪಿನ್ನಿಗೆ ಕೊಡುತ್ತದೆ, ಅದು ತಪ್ಪುವುದಿಲ್ಲ. ಆದರೆ ಚುಕ್ಕಿಗಳನ್ನು ಹೊರಗೆ ತಳ್ಳುವುದು, ಎಷ್ಟನೇ ಗೆರೆ ಎಂದು ಎಣಿಸುವುದು ಇವೆರಡೂ ಪ್ರೋಗ್ರಾಮಿನ ಕೆಲಸ, ಇಂಟರಪ್ಟ್ (ಇದ್ದ ಕೆಲಸ ಬಿಟ್ಟು ಇದನ್ನು ಮಾಡು ಎಂಬ ಕರೆ) ಬಂದಾಗ ಆಗುವಂಥದ್ದು. ಬೇರೆ ಯಾವುದೋ ಲೈಬ್ರರಿ ಆ ಹೊತ್ತಿಗೆ ಅಡ್ಡ ಬಂದು ಸ್ವಲ್ಪ ತಡ ಮಾಡಿದರೆ ಆ ಗೆರೆ ಬಲಕ್ಕೆ ಜಾರುತ್ತದೆ, ಅಂಚು ಅದುರುತ್ತದೆ. ಜಾಸ್ತಿ ಹೊತ್ತು ತಡೆದರೆ ಗೆರೆಗಳ ಎಣಿಕೆಯೇ ತಪ್ಪಿ ಚಿತ್ರ ಹಾರುತ್ತದೆ.

ಬಜಕೂಡ್ಲು ಕಡೆಯ ಒಬ್ಬ ಹುಡುಗ ಮನೆಯ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಬೀಳುವ ಟ್ಯಾಂಕಿಯ ಮಟ್ಟ, ಅಡಿಕೆ ಒಣಗಿಸುವ ಸೋಲಾರ್ ಗೂಡಿನ ಬಿಸಿ, ಎರಡನ್ನೂ ಟಿವಿಯಲ್ಲಿ ತೋರಿಸಲು ಹೊರಟಿದ್ದ. ಚಿತ್ರ ಎರಡೆರಡು ಸೆಕೆಂಡಿಗೆ ಒಮ್ಮೆ ಹಾರುತ್ತಿತ್ತು. ಹೀಗೆ ತಾಳ ಹಾಕಿದ ಹಾಗೆ ಹಾರಿದರೆ ಆ ಹೊತ್ತಿಗೆ ಸರಿಯಾಗಿ ಕೋಡ್‌ನಲ್ಲಿ ಏನು ನಡೆಯುತ್ತಿದೆ ಅಂತ ಹುಡುಕಿ. ಅವನ ಕೋಡ್‌ನಲ್ಲಿದ್ದದ್ದು ಡಿಎಚ್‌ಟಿ 11, ಬಿಸಿ ಮತ್ತು ತೇವಾಂಶ ಅಳೆಯುವ ಸೆನ್ಸರ್. ಅದು 40 ಬಿಟ್ ಕಳಿಸುವಾಗ ಅದರ ಲೈಬ್ರರಿ ಸುಮಾರು 4 ಮಿಲಿಸೆಕೆಂಡ್ ಇಂಟರಪ್ಟ್ ಮುಚ್ಚಿಡುತ್ತದೆ. ಅಂದರೆ ಅರುವತ್ತು ಗೆರೆ ಹೋಯಿತು. ಡಿಎಚ್‌ಟಿ ತೆಗೆದು, ಬಿಸಿ ಮಾತ್ರ ಅಳೆಯುವ ಎಲ್‌ಎಂ 35 ಹಾಕಿಸಿದೆ. ಅದನ್ನು ಓದುವ ಅನಲಾಗ್‌ರೀಡ್ ಇಂಟರಪ್ಟ್ ಮುಚ್ಚುವುದಿಲ್ಲ, ಚಿತ್ರ ನಿಂತಿತು. ತೇವಾಂಶವೂ ಬೇಕೇ ಬೇಕು ಅಂದರೆ ಡಿಎಚ್‌ಟಿಯನ್ನು ಇನ್ನೊಂದು ನ್ಯಾನೋ ಬೋರ್ಡಿಗೆ ಕೊಟ್ಟು, ಅದರಿಂದ ಸೀರಿಯಲ್‌ನಲ್ಲಿ ಅಂಕಿ ತರಿಸಿ.

ಟ್ಯಾಂಕಿಯದ್ದು ಉಲ್ಟಾ ಸಮಸ್ಯೆ. ಅಲ್ಟ್ರಾಸಾನಿಕ್ ಸೆನ್ಸರಿನಿಂದ ನೀರಿನ ದೂರ ಎಣಿಸುವ ಪಲ್ಸ್‌ಇನ್ ಚಿತ್ರವನ್ನು ನಡುಗಿಸುವುದಿಲ್ಲ, ಚಿತ್ರವೇ ಅದರ ಎಣಿಕೆಯನ್ನು ಕದಿಯುತ್ತದೆ. ಎಣಿಕೆ ಕಡಿಮೆ ಬಂದರೆ ದೂರ ಕಡಿಮೆ, ಟ್ಯಾಂಕಿ ಇರುವುದಕ್ಕಿಂತ ಜಾಸ್ತಿ ತುಂಬಿದ ಹಾಗೆ ಕಾಣುತ್ತದೆ. ಅಲ್ಲಿ ಫ್ಲೋಟ್ ಸ್ವಿಚ್ಚೇ ವಾಸಿ. ಮೂರು ಸ್ವಿಚ್, ಮೂರು ಮಟ್ಟ, ಕೆಲಸ ಮುಗಿಯಿತು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮಾಮೂಲಿ ಡಿಲೇ, ಮಿಲಿಸ್ ಬದಲು ಟಿವಿ.ಡಿಲೇ, ಟಿವಿ.ಮಿಲಿಸ್ ಬಳಸಿ. ಸೀರಿಯಲ್ ಬದಲು ಲೈಬ್ರರಿಯ ಜೊತೆಗೇ ಬರುವ ಪೋಲ್‌ಸೀರಿಯಲ್. ಸಾಫ್ಟ್‌ವೇರ್ ಸೀರಿಯಲ್ ಬೇಡ, 9600ರಲ್ಲಿ ಒಂದು ಅಕ್ಷರಕ್ಕೇ ಹದಿನಾರು ಗೆರೆ ನುಂಗುತ್ತದೆ. ಸರ್ವೋ ಲೈಬ್ರರಿಗೆ ಬೇಕಾದದ್ದೂ ಟೈಮರ್ 1, ಎರಡೂ ಒಟ್ಟಿಗೆ ನಡೆಯುವುದಿಲ್ಲ. ಚಿತ್ರ ಅಳಿಸಿ ಬರೆಯುವಾಗ ಮಿನುಗಿದರೆ ಬರೆಯುವ ಮೊದಲು ಟಿವಿ.ಡಿಲೇ_ಫ್ರೇಮ್ 1 ಹಾಕಿ. ಇಡೀ ಪರದೆ ಅಳಿಸುವ ಬದಲು ಬದಲಾದ ಅಂಕಿಯ ಮೇಲೆಯೇ ಬರೆಯಿರಿ. ಮೆಮೊರಿ ಮೇಲೂ ಕಣ್ಣಿಡಿ. ಪರದೆ 128 ಚುಕ್ಕಿ ಅಡ್ಡ, 96 ಚುಕ್ಕಿ ಉದ್ದ ಇದ್ದರೆ ಚಿತ್ರಕ್ಕೇ 1536 ಬೈಟ್ ಬೇಕು, ಊನೋದಲ್ಲಿ ಇರುವುದೇ 2048. ಮಿಕ್ಕಿದ್ದರಲ್ಲಿ ದೊಡ್ಡ ಅರೇ ಇಟ್ಟರೆ ಪರದೆಯಲ್ಲಿ ಕಸ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ಟಿವಿಯನ್ನು ಬೈಯಬಹುದು, ಅದೂ ಹೊಸ ಎಲ್‌ಇಡಿ ಟಿವಿ ಆಗಿದ್ದರೆ. ಈ ಲೈಬ್ರರಿ ಕೊಡುವುದು ಒಂದೊಂದು ಸಲಕ್ಕೆ ಸರಿಯಾಗಿ 312 ಗೆರೆ. ನಿಯಮದ ಪ್ರಕಾರ ಬೇಕಾದದ್ದು ಮುನ್ನೂರ ಹನ್ನೆರಡೂವರೆ. ಡಬ್ಬಾ ಟಿವಿ ಈ ಅರ್ಧ ಗೆರೆಯನ್ನು ಕೇಳುವುದಿಲ್ಲ. ಕೆಲವು ಎಲ್‌ಇಡಿ ಟಿವಿಗಳು ಅಷ್ಟಕ್ಕೇ ಮಿನುಗುತ್ತವೆ ಅಥವಾ ನೋ ಸಿಗ್ನಲ್ ಅನ್ನುತ್ತವೆ. ಅಂಥದ್ದರಲ್ಲಿ ನಡುಗುವ ಚಿತ್ರವನ್ನು ಒಮ್ಮೆ ಡಬ್ಬಾ ಟಿವಿಗೆ ಹಾಕಿ ನೋಡಿ. ಅಲ್ಲಿ ನಿಂತರೆ ನಿಮ್ಮ ಕೋಡೂ ತಂತಿಯೂ ಸರಿ ಇವೆ. ಎಡ ಅಂಚು ತುಂಡಾಗಿ ಕಂಡರೆ ಚಿತ್ರ ಗೆರೆಯಲ್ಲಿ ಎಲ್ಲಿಂದ ಶುರು ಎಂದು ಹೇಳುವ ಫೋರ್ಸ್_ಔಟ್‌ಸ್ಟಾರ್ಟ್‌ನ ಅಂಕಿ ಒಂದೊಂದೇ ಏರಿಸಿ.